ಅರಿಶಿನ ಹಚ್ಚಿದ ಬಿಳಿ ತಟ್ಟೆ

ನಾನು ಒಂದು ತಟ್ಟೆ. ಊಟದ ತಟ್ಟೆಯಲ್ಲ, ನಡುವೆ ತೂತಿರುವ ತಟ್ಟೆಯಲ್ಲಿ ಉಂಡರೆ ಸಾರು ಮಡಿಲಿಗೆ ಬರುತ್ತದೆ. ನಾನು ಸಮುದ್ರಕ್ಕೆ ಇಳಿಯುವ ತಟ್ಟೆ. ನನ್ನನ್ನು ಹಗ್ಗಕ್ಕೆ ಕಟ್ಟಿ ದೋಣಿಯಿಂದ ನೀರಿಗೆ ಬಿಡುತ್ತಾರೆ. ಕೆಳಗೆ ಕೆಳಗೆ ಹೋಗುತ್ತೇನೆ. ಮೇಲಿಂದ ನೋಡುವವರ ಕಣ್ಣಿಗೆ ನಾನು ಮಾಯವಾದ ಕೂಡಲೇ ಅವರು ಹಗ್ಗ ಹಿಡಿದು ನಿಲ್ಲಿಸಿ, ಎಷ್ಟು ಮೀಟರ್ ಇಳಿಯಿತೆಂದು ಬರೆದುಕೊಳ್ಳುತ್ತಾರೆ. ನೀರು ತಿಳಿಯಾಗಿದ್ದರೆ ಬಹಳ ಆಳದವರೆಗೆ ಕಾಣುತ್ತೇನೆ, ಇಲ್ಲದಿದ್ದರೆ ಬೇಗ ಮರೆಯಾಗುತ್ತೇನೆ. ಎಲ್ಲರೂ ಎದ್ದು ಕಾಣಲು ಒದ್ದಾಡುವ ಈ ಲೋಕದಲ್ಲಿ ಕಾಣದಂತಾಗುವುದೇ ನನ್ನ ಉದ್ಯೋಗ. ಅದನ್ನು ಹಟ ಹಿಡಿದು ಮಾಡಿದ್ದೇನೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಹುಟ್ಟಿದ್ದು ಕುಂದಾಪುರದಲ್ಲಿ, ಫೆಲಿಕ್ಸ್ ಲೋಬೊ ಎಂಬವರ ಗೇಟು ಗ್ರಿಲ್ಲುಗಳ ಶೆಡ್ಡಿನಲ್ಲಿ. ಯಾರದೋ ಮನೆಯ ಗೇಟಿಗೆಂದು ತಂದ ತಗಡಿನಲ್ಲಿ ಉಳಿದುಹೋದ ಮೂಲೆ ನಾನು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ವಾದಿರಾಜ ಹೆಬ್ಬಾರರು ಬಂದು, ಇದನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಹಾಕಿ, ಕೆಳಗೆ ಬಲೆಯ ಸೀಸದ ಗುಂಡು ಕಟ್ಟಲು ಒಂದು ಕೊಂಡಿ ಇಡಿ ಎಂದಾಗ, ಲೋಬೊ ಅವರು ಇದು ಯಾವ ನಮೂನೆಯ ಬಾಣಲೆ ಎಂದು ಕೇಳಿದರು. ಇದನ್ನು ಬಳಕೆಗೆ ತಂದವರು ಇಟಲಿಯ ಒಬ್ಬ ಪಾದ್ರಿಗಳು, ಅದಕ್ಕೇ ಸೆಕ್ಕಿ ತಟ್ಟೆ ಎಂದು ಅವರದೇ ಹೆಸರು ಎಂದು ಹೆಬ್ಬಾರರು ವಿವರಿಸಿದ ಮೇಲೆ ಕೆಲಸದ ವರಸೆಯೇ ಬದಲಾಯಿತು. ಪಾದ್ರಿಗಳ ತಟ್ಟೆಯೆಂದ ಮೇಲೆ ಅಂಚು ಒರಟಾಗಿರಬಾರದೆಂದು ಲೋಬೊ ಅವರು ಸಂಜೆಯವರೆಗೆ ಕೂತು ಅರ ಹಾಕಿ ಉಜ್ಜಿದರು. ಗೇಟುಗಳ ನಡುವೆ ಹುಟ್ಟಿದರೂ ನನ್ನ ಅಂಚು ಇಷ್ಟು ನಯವಾಗಿರುವುದಕ್ಕೆ ಆ ಭಕ್ತಿಯೇ ಕಾರಣ.

ಭಕ್ತಿ ಹೆಚ್ಚಾಗಿ ಅವರು ನನಗೆ ಫಳಫಳ ಹೊಳೆಯುವ ಬಣ್ಣ ಬಳಿದುಬಿಟ್ಟಿದ್ದರು. ಹೆಬ್ಬಾರರು ಒಪ್ಪಲಿಲ್ಲ. ಹೊಳೆದರೆ ಬಿಸಿಲು ಕಣ್ಣು ಕುಕ್ಕುತ್ತದೆ, ಇದಕ್ಕೆ ಬಿಳಿ ಬೇಕು, ಮಿಂಚು ಬೇಡ ಎಂದರು. ಹಾಗೆ ಎಲ್ಲವನ್ನೂ ಕೆರೆದು, ಸುಣ್ಣದ ಗೋಡೆಯಂಥ ಮಂಕು ಬಿಳಿ ಹಚ್ಚಿಸಿಕೊಂಡು ನಾನು ಶೆಡ್ಡಿನಿಂದ ಹೊರಬಿದ್ದೆ. ಆ ಬಿಳುಪಿನ ಬಗ್ಗೆ ನನಗೆ ಜಂಭವಿತ್ತು. ಮುಂದೆ ಅದಕ್ಕೆ ಏನಾಯಿತೆಂದು ಹೇಳುತ್ತೇನೆ.

ಹೆಬ್ಬಾರರ ಕೈಯಲ್ಲಿ ನನಗೆ ಕೆಲಸಕ್ಕಿಂತ ರಜೆಯೇ ಜಾಸ್ತಿ. ವರ್ಷಕ್ಕೊಮ್ಮೆ ಹುಡುಗರನ್ನು ಸೇತುವೆಯ ಹತ್ತಿರ ಕರೆದುಕೊಂಡು ಹೋಗಿ ನನ್ನನ್ನು ಹೊಳೆಗೆ ಇಳಿಸಿ ತೋರಿಸುತ್ತಿದ್ದರು. ಉಳಿದ ದಿನವೆಲ್ಲ ಬೀರುವಿನ ತಲೆಯ ಮೇಲೆ, ಸತ್ತ ಹಾವುಗಳ ಸೀಸೆಗಳ ಪಕ್ಕದಲ್ಲಿ ನನ್ನ ವಾಸ. ಅವರು ನಿವೃತ್ತರಾಗುವ ಹೊತ್ತಿಗೆ ನನ್ನ ಆಯುಷ್ಯವೂ ಹೀಗೇ ಧೂಳು ಹಿಡಿದು ಮುಗಿಯುತ್ತದೆಂದು ಅಂದುಕೊಂಡಿದ್ದೆ. ಆಗ ಕಸ್ತೂರಿ ನೀಲಗಾರ ಬಂದಳು.

ಕಸ್ತೂರಿ ಇಳಕಲ್ಲಿನವಳು. ಅವಳ ಅಪ್ಪ ಸೀರೆಯ ನೂಲಿಗೆ ಬಣ್ಣ ಹಾಕುವವರು. ಓದಲೆಂದು ಮಂಗಳೂರಿಗೆ ಬರುವವರೆಗೆ ಅವಳು ಸಮುದ್ರವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದಳಂತೆ. ಈಗ ಅದೇ ಸಮುದ್ರದ ಬಣ್ಣದ ಮೇಲೆ ಸಂಶೋಧನೆಗೆ ಕೂತಿದ್ದಳು. ಗಂಗೊಳ್ಳಿಯಲ್ಲಿ ದೋಣಿ ಗೊತ್ತುಮಾಡಿಕೊಡಲು ಯಾರಾದರೂ ಬೇಕೆಂದು ಕೇಳುತ್ತ ಕೇಳುತ್ತ ಹೆಬ್ಬಾರರ ಬಳಿಗೆ ಬಂದಳು. ಅವರು ದೋಣಿಯನ್ನೂ ಗೊತ್ತುಮಾಡಿದರು, ಕಾಲೇಜಿನವರನ್ನು ಕೇಳಿ ನನ್ನನ್ನೂ ಕೊಡಿಸಿದರು. ಅವಳು ನನ್ನ ಧೂಳನ್ನು ತನ್ನ ದುಪಟ್ಟಾದಲ್ಲೇ ಒರೆಸಿ, ಹಳೆಯ ಹಗ್ಗ ಬಿಚ್ಚಿ ಹೊಸದನ್ನು ಕಟ್ಟಿ, ಮೀಟರಿಗೊಂದರಂತೆ ಕೆಂಪು ಸೆರಗಿನ ಚೂರುಗಳನ್ನು ಗಂಟು ಹಾಕಿದಳು. ಅಂದೇ ನಾನು ಅವಳ ಕಡೆಯವನಾದೆ.

ಅವಳ ಕೆಲಸ ಏನೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ಆಕಾಶದಲ್ಲಿ ಒಂದು ಉಪಗ್ರಹ. ದಿನವೂ ಮಧ್ಯಾಹ್ನದ ಹೊತ್ತಿಗೆ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತದೆ. ಸಮುದ್ರ ಎಷ್ಟು ನೀಲಿ ಬೆಳಕನ್ನು, ಎಷ್ಟು ಹಸಿರು ಬೆಳಕನ್ನು ಮೇಲಕ್ಕೆ ಕಳಿಸುತ್ತಿದೆ ಎಂದು ಅಳೆಯುತ್ತದೆ. ನೀರಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಸ್ಯಗಳು ತುಂಬಿದ್ದರೆ ಅವು ನೀಲಿಯನ್ನು ತಿಂದುಹಾಕುತ್ತವೆ. ಹಾಗಾಗಿ ನೀಲಿ ಕಡಿಮೆಯಿದ್ದಲ್ಲಿ ಸಸ್ಯ ಹೆಚ್ಚು, ಸಸ್ಯ ಹೆಚ್ಚಿದ್ದಲ್ಲಿ ಮೀನಿಗೆ ಮೇವು ಹೆಚ್ಚು. ಈ ಲೆಕ್ಕದ ಮೇಲೆ ನಕ್ಷೆ ತಯಾರಾಗಿ ಮೀನುಗಾರರ ಫೋನಿಗೆ ಬರುತ್ತಿತ್ತು. ಆ ಮೇಲಿನವನು ಹೇಳುವುದು ಕೆಳಗಿನ ನೀರಿನಲ್ಲಿ ನಿಜವೇ ಎಂದು ನೋಡುವುದು ಕಸ್ತೂರಿಯ ಕೆಲಸ. ಅವನು ಹಾದುಹೋಗುವ ಹೊತ್ತಿಗೆ ಸರಿಯಾಗಿ ಅದೇ ಜಾಗದಲ್ಲಿ ದೋಣಿ ನಿಲ್ಲಿಸಬೇಕು, ನನ್ನನ್ನು ಇಳಿಸಬೇಕು, ಸೀಸೆಗಳಲ್ಲಿ ನೀರು ತುಂಬಬೇಕು, ದಡಕ್ಕೆ ಬಂದು ಅದನ್ನು ಸೋಸಿ ಕಾಗದದಲ್ಲಿ ಎಷ್ಟು ಹಸಿರು ಉಳಿಯಿತೆಂದು ಅಳೆಯಬೇಕು. ಮೋಡ ಬಂದರೆ ಮೇಲಿನವನಿಗೆ ಕುರುಡು. ಕೋಟಿಗಟ್ಟಲೆ ಬೆಲೆಬಾಳುವವನು ಒಂದು ತುಂಡು ಮೋಡಕ್ಕೆ ಸೋಲುತ್ತಾನೆಂದು ತಿಳಿದಾಗ ನನಗೆ ಸ್ವಲ್ಪ ಖುಷಿಯಾದದ್ದು ಸುಳ್ಳಲ್ಲ.

ದೋಣಿ ಅಣ್ಣಪ್ಪ ಮೊಗವೀರರದು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಮೊದಲ ದಿನ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ, ದಾಟುವಷ್ಟರಲ್ಲೇ ಕಸ್ತೂರಿಗೆ ಹೊಟ್ಟೆ ತೊಳೆಸಿತು. ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ನನ್ನನ್ನು ಇಳಿಸಿದಳು. ಮತ್ತೆ ವಾಂತಿ ಮಾಡಿ ನನ್ನನ್ನು ಎತ್ತಿದಳು. ಅಣ್ಣಪ್ಪ ವಾಪಸು ಹೋಗೋಣವೇ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿ ಮುಂದಿನ ಜಾಗಕ್ಕೆ ಕೈ ತೋರಿಸಿದಳು. ಮರುದಿನ ಮೂಗಿಗೆ ಲಿಂಬೆಹಣ್ಣು ಹಿಡಿದುಕೊಂಡೇ ದೋಣಿ ಹತ್ತಿದಳು. ಹತ್ತಲಾರೆ ಎಂದು ಒಂದು ದಿನವೂ ಅನ್ನಲಿಲ್ಲ.

ನನ್ನ ಜಾಗದಿಂದ ಅವಳು ಹೇಗೆ ಕಾಣುತ್ತಿದ್ದಳೆಂದು ಹೇಳಬೇಕು. ದೋಣಿಯ ನೆರಳಿನ ಪಕ್ಕದಲ್ಲಿ ಬಗ್ಗಿ ಅವಳು ನನ್ನನ್ನೇ ನೋಡುತ್ತಿದ್ದಳು, ನಾನು ಅವಳನ್ನೇ ನೋಡುತ್ತ ಇಳಿಯುತ್ತಿದ್ದೆ. ಮೊದಲು ಮೂಗುಬೊಟ್ಟು ಮರೆಯಾಗುತ್ತಿತ್ತು, ಆಮೇಲೆ ಕಣ್ಣು, ಆಮೇಲೆ ಮುಖವೆಲ್ಲ ಒಂದು ಕಪ್ಪು ಮಚ್ಚೆ, ಆಮೇಲೆ ಅದೂ ಇಲ್ಲ. ನಾನು ಅವಳಿಗೆ ಕಾಣದಾಗುವ ಹೊತ್ತಿಗೆ ಅವಳೂ ನನಗೆ ಕಾಣುತ್ತಿರಲಿಲ್ಲ. ಹಗ್ಗ ಬಿಗಿಯಾದಾಗ ಮಾತ್ರ ಅವಳು ಮೇಲಿದ್ದಾಳೆಂದು ಗೊತ್ತಾಗುತ್ತಿತ್ತು.

ಮಳೆಗಾಲ ಮುಗಿದ ಹೊಸತು. ಹೊರಗಿನ ನೀಲಿ ನೀರಿನಲ್ಲಿ ಎಲ್ಲವೂ ಚೆನ್ನಾಗಿ ಕೂಡಿಬಂತು. ಉಪಗ್ರಹ ಹೇಳಿದ್ದೂ ಸೀಸೆ ಹೇಳಿದ್ದೂ ಒಂದೇ. ತಂಟೆಯೆಲ್ಲ ಅಳಿವೆಯ ಮುಂದಿನ ನೀರಿನದು. ಅಲ್ಲಿ ಸಸ್ಯಗಳು ಕಿಕ್ಕಿರಿದು ತುಂಬಿವೆ ಎಂದು ಉಪಗ್ರಹ ಹೇಳುತ್ತಿತ್ತು. ನಕ್ಷೆಯಲ್ಲಿ ಆ ಜಾಗ ಗದ್ದೆಯ ಹಾಗೆ ಹಸಿರು. ಕಸ್ತೂರಿಯ ಸೋಸು ಕಾಗದ ನೋಡಿದರೆ ಹಸಿರು ಹೆಸರಿಗಷ್ಟೇ. ಅವಳು ಮತ್ತೆ ಹೋದಳು, ಮತ್ತೆ ಅದೇ ಉತ್ತರ. ಅಣ್ಣಪ್ಪರಿಗೆ ಇದು ಹೊಸ ಸುದ್ದಿಯೇನಲ್ಲ. ನಕ್ಷೆ ನಂಬಿ ಅವರೂ ಅಲ್ಲಿ ಬಲೆ ಹಾಕಿದ್ದರು.

"ಹಸ್ರ್ ಕಂಡಲ್ಲೆಲ್ಲ ಮೀನ್ ಇತ್ತ್ ಅಂದೇಳಿ ಹೋದ್ರೆ, ಬಲೆ ಹೋದ್ ಹಾಂಗೇ ವಾಪಸ್ ಬಂತ್ ಕಾಣಿ" ಎಂದರು. ಯಾಕೆ ಹಾಗೆಂದು ಅವರಿಗೂ ಗೊತ್ತಿರಲಿಲ್ಲ.

ಕಸ್ತೂರಿಯ ಮಾರ್ಗದರ್ಶಕರು ಮಂಗಳೂರಿನ ಡಾಕ್ಟರ್ ಸುದರ್ಶನ ಬಲ್ಲಾಳರು. ಅವರ ಕೋಣೆಗೆ ಅವಳು ಹೋದಾಗ ನಾನು ಚೀಲದಲ್ಲಿ, ಮೇಜಿನ ಕೆಳಗಿದ್ದೆ. ನನಗೆ ಕಂಡದ್ದು ಅವರ ಪಾಲಿಶ್ ಮಾಡಿದ ಬೂಟುಗಳು ಮಾತ್ರ, ಆದರೆ ದನಿಯಲ್ಲಿ ಕೆಡುಕಿರಲಿಲ್ಲ. ಸಣ್ಣ ದೋಣಿ, ಹಳೆಯ ತಟ್ಟೆ, ಬಿಸಿಲಿನಲ್ಲಿ ಕೂತ ಸೀಸೆಗಳು, ತಪ್ಪು ಇಲ್ಲೇ ಎಲ್ಲೋ ಆಗಿರಬೇಕೆಂದರು. ಹಳೆಯ ತಟ್ಟೆ ಎಂಬ ಮಾತು ನನಗೆ ನಾಟಿತು. ನೀರಿನಲ್ಲಿ ಸಸ್ಯವಲ್ಲದ ಬೇರೇನೋ ಇದ್ದು ಬಣ್ಣ ಕೆಡಿಸಿರಬಹುದಲ್ಲ ಎಂದು ಕಸ್ತೂರಿ ಕೇಳಿದಳು. ಅಂಥ ಹಳದಿ ನೀರಿನ ಮಾತು ಪುಸ್ತಕದಲ್ಲಿದೆ, ಆದರೆ ಅದು ದೊಡ್ಡ ದೊಡ್ಡ ನದಿಗಳ ಬಾಯಿಯ ಮಾತು, ನಮ್ಮ ಪುಟ್ಟ ಹೊಳೆಗಳಿಗೆ ಅಷ್ಟು ಶಕ್ತಿ ಎಲ್ಲಿಂದ ಎಂದು ಅವರು ನಕ್ಕರು.

"ಆ ಅಳಿವೆಯ ಜಾಗಗಳನ್ನು ತೆಗೆದುಬಿಡಿ ಮಾರಾಯ್ರೆ. ಒಂದು ತುಂಡು ನೀರಿಗೋಸ್ಕರ ಇಡೀ ಕೆಲಸ ಹಾಳು ಮಾಡಿಕೊಳ್ಳಬೇಡಿ" ಎಂದರು.

"ನಕ್ಷೆ ತಪ್ಪಿರೂದು ಆ ಒಂದ್ ತುಂಡಿನಾಗ ಸರ್. ಅದನ್ನ ತಗದ್ರ ನಾ ಬಂದದ್ದಾದ್ರೂ ಯಾತಕ್ಕ?" ಎಂದಳು ಕಸ್ತೂರಿ.

ಬೂಟುಗಳು ಎದ್ದು ಕಿಟಕಿಯವರೆಗೆ ಹೋಗಿ ಬಂದವು. ಹೊಳೆ ಬತ್ತಿ ತೆಳ್ಳಗಾಗುವ ಮೊದಲು ಯಾಕೆ ಹೀಗೆಂದು ತೋರಿಸಿದರೆ ಉಳಿಸಿಕೊಳ್ಳಿ, ಇಲ್ಲದಿದ್ದರೆ ತೆಗೆಯುವುದೇ ಸರಿ ಎಂದು ಅವರು ಮಾತು ಮುಗಿಸಿದರು. ಮತ್ತೆ ಗಂಗೊಳ್ಳಿಗೆ ಬರುವ ಬಸ್ಸಿನಲ್ಲಿ ಕಸ್ತೂರಿ ದಾರಿಯುದ್ದಕ್ಕೂ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಚನ್ನು ಬೆರಳಲ್ಲಿ ಸವರುತ್ತ ಕೂತಿದ್ದಳು. ಅತ್ತಳೋ ಇಲ್ಲವೋ ನನಗೆ ಕಾಣಲಿಲ್ಲ. ಇಳಿಯುವಾಗ ಮಾತ್ರ ಗಟ್ಟಿಯಾಗಿ ಇಳಿದಳು.

ಆಮೇಲೆ ಮೋಡಗಳ ಕಾಟ ಶುರುವಾಯಿತು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಸರಿಯಾಗಿ ಆ ಹೊತ್ತಿಗೆ ಮೋಡ. ಕಸ್ತೂರಿ ಹೋಗುತ್ತಲೇ ಇದ್ದಳು. ಹೊತ್ತುತಂದು ಹೊತ್ತುಕೊಂಡು ಹೋಗುವ ತಾಪತ್ರಯ ಬೇಡವೆಂದು ನನ್ನನ್ನು ಅಣ್ಣಪ್ಪರ ಮನೆಯಲ್ಲೇ ಇಡತೊಡಗಿದಳು. ಅಲ್ಲಿ ಅವರ ಹೆಂಡತಿ ಮೂಕಾಂಬು ನನ್ನನ್ನು ಎಂಜಿನ್ನಿನ ಪಕ್ಕದಲ್ಲಿ, ಮರದ ಮಣೆಯ ಮೇಲೆ ಇಡುತ್ತಿದ್ದರು. ಕೋಳಿ ನನ್ನ ಮೇಲೆ ಕಾಲಿಟ್ಟರೆ ಓಡಿಬಂದು ಓಡಿಸುತ್ತಿದ್ದರು. ಬೀರುವಿನ ಮೇಲೆ ಅಷ್ಟು ವರ್ಷ ಕೂತರೂ ಸಿಗದ ಮರ್ಯಾದೆ ಅದು.

ಹೀಗಿರುವಾಗ ಆಯುಧಪೂಜೆ ಬಂತು. ಬಲೆ, ಎಂಜಿನ್ನು, ಕತ್ತಿ, ಹುಟ್ಟು ಎಲ್ಲವನ್ನೂ ತೊಳೆದು ಮೂಕಾಂಬು ಸಾಲಾಗಿ ಇಟ್ಟರು. ಎಲ್ಲದಕ್ಕೂ ಒಂದೊಂದು ಬೊಟ್ಟು ಅರಿಶಿನ, ಒಂದೊಂದು ಬೊಟ್ಟು ಕುಂಕುಮ, ಒಂದೊಂದು ಹೂವು. ನನ್ನ ಸರದಿ ಬಂದಾಗ ನಿಂತು ನೋಡಿದರು. ಬೋಳು ಹಣೆಯ ಹಾಗೆ ಇಷ್ಟಗಲ ಬಿಳಿ ಬಿಳಿ ಇದ್ದೇನೆ. ಅದೂ ಮನೆಗೆ ಬಂದ ಹೆಣ್ಣುಮಗಳ ಆಯುಧ. ಒಂದು ಬೊಟ್ಟು ಸಾಲದೆಂದು ಅವರಿಗೆ ಅನಿಸಿರಬೇಕು. ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ, ಮದುಮಗಳಿಗೆ ಹಚ್ಚುವ ಹಾಗೆ, ಅಂಚಿನಿಂದ ಅಂಚಿಗೆ ಸವರಿದರು. ನಡುವಿನ ತೂತಿನ ಸುತ್ತ ಕುಂಕುಮ ಇಟ್ಟರು. ಕೈ ಮುಗಿದರು. ಅವರ ಅಂಗೈ ಬೆಚ್ಚಗಿತ್ತು. ನನ್ನ ಜಂಭದ ಬಿಳುಪು ಹೋಗುತ್ತಿದೆ ಎಂದು ಗೊತ್ತಿದ್ದೂ ನನಗೆ ಸುಖವಾಯಿತು.

ಮರುದಿನ ವಿಜಯದಶಮಿ. ಆಕಾಶ ತೊಳೆದಿಟ್ಟ ಹಾಗಿತ್ತು, ಎಲ್ಲೂ ಒಂದು ಎಳೆ ಮೋಡವಿಲ್ಲ. ಕಸ್ತೂರಿ ಓಡುತ್ತ ಬಂದಳು. ನನ್ನನ್ನು ಕಂಡು ಬಾಗಿಲಲ್ಲೇ ಕೂತುಬಿಟ್ಟಳು.

"ಎಲ್ಲದ್ಕೂ ಹಚ್ಚಿ ಇದೊಂದನ್ನ್ ಬಿಟ್ರೆ ಅದ್ಕ್ ಬೇಜಾರ್ ಆತಿಲ್ಯಾ ಅಮ್ಮ?" ಎಂದರು ಮೂಕಾಂಬು. ಅವಳ ಮುಖ ನೋಡಿ ಅವರಿಗೂ ಏನೋ ತಪ್ಪಾಗಿದೆ ಅನಿಸಿತು. ಇಬ್ಬರೂ ಸೇರಿ ನನ್ನನ್ನು ಬಾವಿಕಟ್ಟೆಗೆ ಒಯ್ದು ಉಜ್ಜಿದರು. ಕುಂಕುಮ ಹೋಯಿತು. ಅರಿಶಿನಕ್ಕೆ ಬಟ್ಟೆ ಸೋಪು ತಾಗಿದ ಕೂಡಲೇ ನಾನು ಕೆಂಪಗಾದೆ, ನೀರು ಹೊಯ್ದರೆ ಮತ್ತೆ ಹಳದಿ. ಮತ್ತೆ ಉಜ್ಜಿದರು, ಮತ್ತೆ ಕೆಂಪು, ಮತ್ತೆ ಹಳದಿ. ಬಿಸಿಲಿಗೆ ಇಟ್ಟರೆ ಎರಡು ದಿನದಲ್ಲಿ ತಾನಾಗಿ ಹೋಗುತ್ತದೆ ಎಂದು ಮೂಕಾಂಬು ಸಮಾಧಾನ ಹೇಳಿದರು. ಎರಡು ದಿನ ಕಾಯಲು ಮೇಲಿನವನಿಗೆ ಪುರುಸೊತ್ತಿಲ್ಲ, ಮೋಡಕ್ಕೆ ಕರುಣೆಯಿಲ್ಲ. ಇವತ್ತು ಸೀಸೆಯ ನೀರಾದರೂ ಸಿಗಲಿ ಎಂದು ಕಸ್ತೂರಿ ಎದ್ದಳು.

ಅಳಿವೆಯ ಮುಂದೆ ದೋಣಿ ನಿಂತಾಗ ಅವಳು ಸೀಸೆ ತುಂಬಿದಳು. ಆಮೇಲೆ ರೂಢಿಯಂತೆ ನನ್ನನ್ನೂ ಇಳಿಸಿದಳು. ಹಳದಿ ತಟ್ಟೆಯಿಂದ ಏನು ಪ್ರಯೋಜನವೆಂದು ಅವಳ ಕೈಯೇ ಸಡಿಲವಾಗಿತ್ತು. ನಾನು ಯಾವಾಗಲೂ ಮಾಯವಾಗುತ್ತಿದ್ದ ಆಳದಲ್ಲೇ ಮಾಯವಾದೆ. ಅದೇ ಕೆಂಪು ಚೂರು, ಅದೇ ಗಂಟು. ಸದ್ಯ, ಅರಿಶಿನದಿಂದ ಏನೂ ಕೆಟ್ಟಿಲ್ಲ ಎಂದು ಅವಳಿಗೆ ಜೀವ ಬಂತು. ಹೊರಗಿನ ನೀಲಿ ನೀರಿಗೆ ಹೋಗಿ ಅಲ್ಲೂ ಇಳಿಸಿದಳು. ಅಲ್ಲಿ ಮಾತ್ರ ನಾನು ಯಾವತ್ತಿಗಿಂತ ಎರಡು ಮೀಟರ್ ಮೊದಲೇ ಕಾಣದಾದೆ.

ಅವಳು ಎತ್ತಿ ಮತ್ತೆ ಇಳಿಸಿದಳು. ಅದೇ. ಅಣ್ಣಪ್ಪರನ್ನು ಕರೆದು ನೋಡಿಸಿದಳು. ಅವರೂ ಹೆಚ್ಚುಕಡಿಮೆ ಅಲ್ಲೇ ನಿಲ್ಲಿಸಿದರು. ಅಳಿವೆಗೆ ವಾಪಸು ಹೋಗಿ ಇಳಿಸಿದಳು, ಅಲ್ಲಿ ಹಳೆಯ ಆಳವೇ. ಆಮೇಲೆ ನನ್ನನ್ನು ಮಡಿಲಲ್ಲಿ ಇಟ್ಟುಕೊಂಡು ನೀರನ್ನೇ ನೋಡುತ್ತ ಕೂತಳು. ಅಣ್ಣಪ್ಪ ಎಂಜಿನ್ ನಿಲ್ಲಿಸಿ ಬೀಡಿ ಹಚ್ಚಿದರು.

ಅವಳು ಬಾಯಿಬಿಟ್ಟು ತನಗೆ ತಾನೇ ಹೇಳಿಕೊಂಡದ್ದನ್ನು ಕೇಳಿ ನಾನು ತಿಳಿದುಕೊಂಡದ್ದು ಇಷ್ಟು. ಹೊರಗಿನ ನೀರಿನಲ್ಲಿ ಬಹಳ ಆಳಕ್ಕೆ ಇಳಿಯುವುದು ನೀಲಿ ಬೆಳಕು. ಬಿಳಿಯಾಗಿದ್ದಾಗ ಆ ನೀಲಿಯನ್ನು ನಾನು ಅವಳ ಕಣ್ಣಿಗೆ ಹಿಂದಿರುಗಿಸುತ್ತಿದ್ದೆ. ಅರಿಶಿನ ನೀಲಿಯನ್ನು ನುಂಗುತ್ತದೆ. ಹಾಗಾಗಿ ಹಳದಿಯಾದ ನಾನು ಅಲ್ಲಿ ಬೇಗ ಮರೆಯಾದೆ. ಅಳಿವೆಯ ಮುಂದೆ ಅರಿಶಿನದಿಂದ ನನಗೆ ಏನೂ ನಷ್ಟವಾಗಲಿಲ್ಲ. ಯಾಕೆಂದರೆ ಅಲ್ಲಿ ನನ್ನ ತನಕ ನೀಲಿ ಬರುತ್ತಲೇ ಇರಲಿಲ್ಲ. ನೀರೇ ಅದನ್ನು ಮೊದಲು ನುಂಗಿತ್ತು. ಸಸ್ಯ ನುಂಗಿದ್ದಲ್ಲ, ಸಸ್ಯ ಇಲ್ಲವೆಂದು ಸೋಸು ಕಾಗದ ಹೇಳುತ್ತಿದೆ. ಹಾಗಾದರೆ ನೀರಿನಲ್ಲಿ ಕರಗಿದ ಯಾವುದೋ ಹಳದಿ. ಘಟ್ಟದ ಕಾಡಿನಲ್ಲಿ ಮಳೆಗಾಲವಿಡೀ ಕೊಳೆತ ಎಲೆಗಳ ಕಷಾಯ ಹೊಳೆಯಲ್ಲಿ ಇಳಿದು ಬರುತ್ತಿದೆ. ಪುಟ್ಟ ಹೊಳೆಗಳಾದರೇನು, ಐದು ಹೊಳೆ ಒಟ್ಟು ಸೇರುವ ಜಾಗ ಅದು. ನನಗೆ ಮೂಕಾಂಬು ಮಾಡಿದ್ದನ್ನು ಸಮುದ್ರಕ್ಕೆ ಹೊಳೆ ಮಾಡಿತ್ತು. ಮೇಲಿನವನು ನೀಲಿ ಕಡಿಮೆಯಿದೆಯೆಂದು ಕಂಡು, ಅದನ್ನೇ ಸಸ್ಯವೆಂದು ನಂಬಿದ್ದ.

ಇಷ್ಟು ಹೊಳೆದ ಮೇಲೆ ಅವಳಿಗೆ ಇನ್ನೊಂದೂ ಹೊಳೆಯಿತು. ಎದೆಗೆ ಗುದ್ದಿದ ಹಾಗೆ ಹೊಳೆಯಿತು ಎನ್ನಬೇಕು. ಕಾಗದದ ಮೇಲೆ ಉಳಿದ ಹಸಿರನ್ನು ಜೋಪಾನ ಮಾಡಿ, ಕೆಳಗಿಳಿದ ಸೋಸಿದ ನೀರನ್ನು ಅವಳು ಪ್ರತಿ ಸಲವೂ ತೆಂಗಿನ ಬುಡಕ್ಕೆ ಚೆಲ್ಲಿದ್ದಳು. ಕಾಫಿಯ ಚರಟವನ್ನು ಕಾಪಾಡಿ ಡಿಕಾಕ್ಷನ್ ಚೆಲ್ಲಿದ ಹಾಗೆ. ಆ ಹಳದಿಯ ಸಾಕ್ಷಿಯಿದ್ದದ್ದು ಚೆಲ್ಲಿದ ನೀರಿನಲ್ಲೇ.

"ಅಪ್ಪ ನೋಡಿದ್ರ ಬೈತಿದ್ದ. ಬಣ್ಣ ಹೆಂಗ್ ಇಳದೈತಿ ಅಂತ ಯಾವಾಗಲೂ ಹಂಡೇದಾಗಿನ ನೀರು ನೋಡಾಂವ ಅಂವ" ಎಂದು ಅಣ್ಣಪ್ಪರಿಗೆ ಹೇಳಿ ತಲೆ ಚಚ್ಚಿಕೊಂಡಳು. ಅಣ್ಣಪ್ಪರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬೀಡಿ ಎಸೆದು, ಹಾಗಾದರೆ ಮತ್ತೆ ತುಂಬಿಸಿಕೊಂಡರಾಯಿತಲ್ಲ ಎಂದರು.

ದಡಕ್ಕೆ ಬಂದಾಗ ಮೂಕಾಂಬು ನನ್ನನ್ನು ಬಿಸಿಲಿಗೆ ಇಡಲು ಜಾಗ ಮಾಡಿಕೊಂಡು ಕಾಯುತ್ತಿದ್ದರು. ಕಸ್ತೂರಿ ಓಡಿಹೋಗಿ ತಡೆದಳು. "ಬ್ಯಾಡ್ರಿ ಅಕ್ಕಾರ, ಬಿಸಲಾಗ ಇಡಬ್ಯಾಡ್ರಿ. ಇದರ ಅರಿಶಿಣ ಹೋಗಬಾರದು." ಮೂಕಾಂಬು ಏನೂ ಅರ್ಥವಾಗದೆ, ಆದರೂ ಬಹಳ ಸಂತೋಷಪಟ್ಟು, ನನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ ಕತ್ತಲೆ ಮೂಲೆಯಲ್ಲಿ ಮಲಗಿಸಿದರು.

ಹೊಳೆ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಹಳದಿ ತೆಳ್ಳಗಾಗುವ ಮೊದಲು ಎಲ್ಲ ಮುಗಿಯಬೇಕಿತ್ತು. ಕಸ್ತೂರಿ ಅದೇ ಜಾಗಗಳಿಗೆ ಮತ್ತೆ ಮತ್ತೆ ಹೋದಳು. ಮೋಡವಿದ್ದರೂ ಹೋದಳು, ಜ್ವರವಿದ್ದರೂ ಹೋದಳು. ಇಳಕಲ್ಲಿನಿಂದ ಹಬ್ಬಕ್ಕೆ ಬಾ ಎಂದು ಫೋನ್ ಬಂದರೆ ಹೊಳೆ ಮುಗಿದ ಮೇಲೆ ಬರುತ್ತೇನೆಂದಳು. ಲಿಂಬೆಹಣ್ಣು ಯಾವಾಗ ಬಿಟ್ಟಳೋ ಅವಳಿಗೇ ನೆನಪಿಲ್ಲ. ಈ ಸಲ ಸೋಸಿದ ನೀರನ್ನು ಗಾಜಿನ ಸೀಸೆಗಳಲ್ಲಿ ಮುಚ್ಚಿ, ಕಪ್ಪು ಬಟ್ಟೆ ಸುತ್ತಿ ಮಂಗಳೂರಿಗೆ ಒಯ್ದು, ಯಂತ್ರಕ್ಕೆ ಕೊಟ್ಟು ಅದರಲ್ಲಿ ಯಾವ ಬಣ್ಣದ ಬೆಳಕು ಎಷ್ಟು ದಾಟುತ್ತದೆಂದು ಅಳೆಯಿಸಿದಳು. ಆ ಕಾಗದಗಳನ್ನು ನೋಡಿದ ಬಲ್ಲಾಳರು ಅವನ್ನು ಮಡಚಿ ಜೇಬಿಗೆ ಹಾಕಿಕೊಂಡರಂತೆ. ನಾಳೆ ನಾನೇ ದೋಣಿಗೆ ಬರುತ್ತೇನೆ ಎಂದರಂತೆ.

ಬಂದರು. ಬೂಟು ಕಳಚಿ, ಪ್ಯಾಂಟು ಮಡಿಸಿಕೊಂಡು ದೋಣಿ ಹತ್ತಿದರು. ನನ್ನ ಹಗ್ಗವನ್ನು ಕಸ್ತೂರಿಯ ಕೈಯಿಂದ ತೆಗೆದುಕೊಂಡು ತಾವೇ ಇಳಿಸಿದರು. ನಾನು ಕೆಳಗಿನಿಂದ ನೋಡಿದೆ. ದೋಣಿಯ ಅಂಚಿನ ಮೇಲೆ ಎರಡು ಮುಖ, ಒಂದು ಅವಳದು, ಒಂದು ಅವರದು. ನನ್ನ ಜನ್ಮದಲ್ಲಿ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. ಅರಿಶಿನ ಆಗಲೇ ಮಾಸತೊಡಗಿತ್ತು. ಹೊರಗಿನ ನೀರಿನಲ್ಲಿ ಇವತ್ತು ನಾನು ಹೆಚ್ಚು ಹೊತ್ತು ಕಂಡುಬಿಟ್ಟರೆ ಅವಳ ಕಥೆ ಮುಗಿದ ಹಾಗೆ. ಹೇಗಾದರೂ ಬೇಗ ಕಾಣದಾಗಬೇಕೆಂದು ಹಲ್ಲುಕಚ್ಚಿ ಇಳಿದೆ, ನನಗೆ ಹಲ್ಲಿಲ್ಲದಿದ್ದರೂ.

ಹಗ್ಗ ಬಿಗಿಯಾಯಿತು. ಬೇಗನೇ ಬಿಗಿಯಾಯಿತು.

ಮೇಲೆ ಬಂದಾಗ ಬಲ್ಲಾಳರು ಕನ್ನಡಕ ತೆಗೆದು ಒರೆಸುತ್ತಿದ್ದರು. ಕಸ್ತೂರಿ ಎರಡು ಸೀಸೆಗಳನ್ನು ಒಂದು ಬಿಳಿ ಕಾಗದದ ಮೇಲೆ ಇಟ್ಟಳು. ಎರಡರಲ್ಲೂ ಸೋಸಿದ ನೀರು. ಹೊರಗಿನದು ತಿಳಿ. ಅಳಿವೆಯದು, ಗಮನವಿಟ್ಟು ನೋಡಿದರೆ, ತೆಳ್ಳನೆಯ ಚಹಾ. ಅವರು ಅದನ್ನು ಎತ್ತಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮ ಹೊಳೆಗಳನ್ನು ನಾನು ಕೀಳಾಗಿ ಕಂಡೆ ಕಸ್ತೂರಿ. ಆ ಜಾಗಗಳು ಇರಲಿ. ಅವುಗಳಿಂದಲೇ ಶುರು ಮಾಡಿ ಬರೆಯಿರಿ" ಎಂದರು.

ಅವಳು ಹೂಂ ಎಂದಳು. ಆಮೇಲೆ ದೋಣಿಯ ಮೂಗಿನ ಕಡೆ ತಿರುಗಿ ಕೂತು ಅತ್ತಳು. ಅಷ್ಟು ದಿನ ವಾಂತಿ ಮಾಡಿದ ಜಾಗದಲ್ಲೇ ಕೂತು ಸಂತೋಷಕ್ಕೆ ಅತ್ತಳು. ನನಗೂ ಅಳು ಬರುತ್ತಿತ್ತು, ಆದರೆ ಹೇಗೂ ಒದ್ದೆಯಾಗಿದ್ದೆ, ಯಾರಿಗೂ ತಿಳಿಯಲಿಲ್ಲ.

ಮುಂದಿನದು ಬೇಗ ಹೇಳುತ್ತೇನೆ. ಕಸ್ತೂರಿ ಆ ನೀರಿಗೆಂದೇ ಬೇರೆ ಲೆಕ್ಕ ಕಟ್ಟಿದಳು. ನೀಲಿ ಕಾಣದಿದ್ದಲ್ಲಿ ಸಸ್ಯ ಎಷ್ಟು, ಹೊಳೆಯ ಕಷಾಯ ಎಷ್ಟು ಎಂದು ಬಿಡಿಸುವ ಲೆಕ್ಕ. ಒಂದೆರಡು ಮಳೆಗಾಲ ಕಳೆದ ಮೇಲೆ ನಕ್ಷೆ ಬದಲಾಯಿತು. ಅವಳು ಡಾಕ್ಟರ್ ಕಸ್ತೂರಿಯಾಗಿ ಪೂರ್ವದ ಕರಾವಳಿಗೆ ಕೆಲಸಕ್ಕೆ ಹೋದಳು. ಹೋಗುವ ಮುಂಚೆ ನನ್ನನ್ನು ಕೈಯಲ್ಲಿ ಹಿಡಿದು ನೋಡಿದಳು. ಅಂಚು ಬಗ್ಗಿತ್ತು, ಕೊಂಡಿ ತುಕ್ಕು ತಿಂದಿತ್ತು, ಬಿಳುಪು ಮರಳಿ ಬಂದರೂ ಎಲ್ಲೆಲ್ಲೋ ಹಳದಿ ಛಾಯೆ ಉಳಿದಿತ್ತು. ಹೆಬ್ಬಾರರನ್ನು ಕೇಳಿ ಕಾಲೇಜಿಗೆ ಹೊಸ ತಟ್ಟೆ ಕೊಡಿಸಿ, ನನ್ನನ್ನು ಮೂಕಾಂಬು ಅವರ ಕೈಗೆ ಕೊಟ್ಟಳು. ಗುಜರಿ ಅಂಗಡಿಗೆ ಹೋಗಬೇಕಾದವನು ಹೀಗೆ ಸಂಸಾರಕ್ಕೆ ಸೇರಿದೆ.

ಈಗ ನಾನು ಒಣಮೀನಿನ ಮಡಕೆಯ ಮುಚ್ಚಳ. ವಾಸನೆಗೆ ಒಗ್ಗಿಕೊಂಡಿದ್ದೇನೆ. ಮೇಲಿನವನಿಗೂ ವಯಸ್ಸಾಗಿ ಅವನ ಕೆಲಸ ನಿಂತು, ಬೇರೊಬ್ಬ ಬಂದಿದ್ದಾನಂತೆ. ನಾನು ಮಾತ್ರ ಇನ್ನೂ ಇದ್ದೇನೆ, ಬೆಕ್ಕು ಎಷ್ಟು ತಳ್ಳಿದರೂ ಮಡಕೆ ಬಿಟ್ಟುಕೊಡದೆ. ಮಳೆಗಾಲ ಮುಗಿದ ಹೊಸತರಲ್ಲಿ ಅಣ್ಣಪ್ಪ ಜಗಲಿಯಲ್ಲಿ ಕೂತು ಫೋನಿನಲ್ಲಿ ನಕ್ಷೆ ನೋಡುತ್ತಾರೆ. ಅಳಿವೆಯ ಮುಂದೆ ಮೊದಲು ಹಸಿರಿದ್ದ ಜಾಗ ಈಗ ಮಸುಕು ಹಳದಿ. ಅದನ್ನು ನೋಡಿ ಅವರು ದೋಣಿಯನ್ನು ನೇರ ಹೊರಗೆ ಬಿಡುತ್ತಾರೆ. ಬಲೆ ಬರಿದಾಗಿ ಬರುವುದು ಈಗಲೂ ಇದೆ, ಸಮುದ್ರವೆಂದರೆ ಸಮುದ್ರವೇ. ಆ ಸುಳ್ಳು ಹಸಿರನ್ನು ನಂಬಿ ಬರಿದಾಗುವುದು ಮಾತ್ರ ನಿಂತಿದೆ.

ಹೊಸ ತಟ್ಟೆಯನ್ನು ಹಿಡಿದು ಬೇರೆ ಹುಡುಗಿಯೊಬ್ಬಳು ಬರುತ್ತಾಳೆ. ಆಯುಧಪೂಜೆ ಹತ್ತಿರವಾದಾಗ ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಡ ಎಂದು ಅವಳಿಗೆ ಎಲ್ಲರೂ ಹೇಳಿಕೊಟ್ಟಿದ್ದಾರೆ. ಮೂಕಾಂಬು ಎಲ್ಲ ಮುಗಿಸಿ ಕೊನೆಗೆ ಮಡಕೆಯಿಂದ ನನ್ನನ್ನು ಎತ್ತಿ, ತೊಳೆದು, ಮಣೆಯ ಮೇಲೆ ಇಡುತ್ತಾರೆ. ಅಷ್ಟು ಹೊತ್ತಿಗೆ ದೂರದಿಂದ ಫೋನ್ ಬಂದೇ ಬರುತ್ತದೆ. ಕ್ಷೇಮ ಸಮಾಚಾರವೆಲ್ಲ ಆದ ಮೇಲೆ ಆ ದನಿ ನನ್ನ ಬಗ್ಗೆ ಕೇಳುತ್ತದೆ.

"ನನ್ನ ತಟ್ಟಿಗೆ ಹಚ್ಚಿದ್ರೇನ್ರಿ ಅಕ್ಕಾರ?"

"ಈಗ ಹಚ್ಚುದೇ ಅಮ್ಮ."

"ತುಂಬ ಹಚ್ರಿ. ಒಂದ್ ಚೂರೂ ಬಿಳಿ ಉಳೀಬಾರದು."

ಮೂಕಾಂಬು ನಗುತ್ತ ಫೋನನ್ನು ನನ್ನ ಪಕ್ಕದಲ್ಲಿ ಇಡುತ್ತಾರೆ, ಅರಿಶಿನಕ್ಕೆ ಎಣ್ಣೆ ಹೊಯ್ದುಕೊಳ್ಳುತ್ತಾರೆ.